ಕಲ್ಲಿನ ಭಾನುವಾರ, ಯಂತ್ರದ ಮಂಗಳವಾರ

ಬಳ್ಳಾರಿ ಸಮೀಪದ ಕೊಳಗಲ್ಲು ಅಲ್ಲಿಯವರಿಗೆ ಹೊಲಮನೆಗಳ ಊರು; ಇತಿಹಾಸ ಓದಿದವರಿಗೆ ಅದೊಂದು ತಾರೀಖೂ ಹೌದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ತೀರಿಕೊಂಡು, ತಮ್ಮ ಖೊಟ್ಟಿಗ ಪಟ್ಟಕ್ಕೆ ಬಂದ ಸಂಗತಿಯನ್ನು ಅಲ್ಲಿಯ ಶಾಸನ ಹೇಳುತ್ತದೆ. ಶಾಸನದ ದಿನ ಕ್ರಿ.ಶ. ೯೬೭ರ ಫೆಬ್ರವರಿ ೧೭. ೯೪೯ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ದೊರೆಯ ಕಾಲ ಮುಗಿದಿತ್ತು. ೯೭೨ರಲ್ಲಿ ಮಾನ್ಯಖೇಟ ಲೂಟಿಯಾಯಿತು, ಮರುವರ್ಷ ತೈಲಪ ರಾಜ್ಯವನ್ನೇ ಕಿತ್ತುಕೊಂಡ. ಇಷ್ಟು ಬೇಗ ಬೇಗ ನಡೆದ ಕಥೆಯಲ್ಲಿ ಒಂದು ವರ್ಷ ಹಿಂದುಮುಂದಾದರೂ ಸಣ್ಣ ಮಾತಲ್ಲ.

ಆದರೆ ಕಲ್ಲಿನ ಮೇಲೆ ಫೆಬ್ರವರಿ ಎಂದೇನೂ ಇಲ್ಲ. ಶಕವರ್ಷ ೮೮೯, ಕ್ಷಯ ಸಂವತ್ಸರ, ಫಾಲ್ಗುಣ ಶುಕ್ಲ ಷಷ್ಠಿ, ಭಾನುವಾರ ಎಂದಿದೆ. ಒಂದು ದಿನಕ್ಕೆ ನಾಲ್ಕು ಗುರುತು. ಒಂದು ತಪ್ಪಿದರೆ ಉಳಿದ ಮೂರು ಹಿಡಿದುಕೊಡುತ್ತವೆ. ಮಗುವಿಗೆ ಐದು ತುಂಬಿದೆ ಎನ್ನುವುದೂ ಐದು ನಡೆಯುತ್ತಿದೆ ಎನ್ನುವುದೂ ಬೇರೆಯಲ್ಲವೆ? ಶಕವರ್ಷ ಎಣಿಸುವುದರಲ್ಲೂ ಈ ಎರಡು ರೂಢಿಗಳಿದ್ದವು. ೮೮೯ ತುಂಬಿದೆ ಎಂದುಕೊಂಡರೆ ಸಂವತ್ಸರ ಪ್ರಭವವಾಗುತ್ತದೆ, ಷಷ್ಠಿ ೯೬೮ಕ್ಕೆ ಜಾರುತ್ತದೆ, ವಾರ ಕೂಡುವುದಿಲ್ಲ. ೮೮೯ ನಡೆಯುತ್ತಿದೆ ಎಂದುಕೊಂಡರೆ ಕ್ಷಯವೂ ಭಾನುವಾರವೂ ಸರಿಯಾಗಿ ಕೂಡುತ್ತವೆ.

ಈಗ ಶಾಸನಗಳ ಪಟ್ಟಿ ಕಂಪ್ಯೂಟರಿಗೆ ಹೋಗುತ್ತದೆ. ಒಂದು ಫೈಲಿನಲ್ಲಿರುವ ಸಾಲುಗಳನ್ನು ಪ್ರೋಗ್ರಾಮು ಓದಿ ಇನ್ನೊಂದು ಕೋಷ್ಟಕಕ್ಕೆ ತುಂಬುತ್ತದೆ. ಶಾಲೆಯ ಮಕ್ಕಳಿಗೆಂದು ಜಿಲ್ಲೆಯ ಶಾಸನಗಳ ಇಂಥದೊಂದು ಪಟ್ಟಿ ಮಾಡುವಾಗ ನನಗೆ ಅದರ ರೀತಿನೀತಿ ತಿಳಿಯಿತು. ಎಕ್ಸೆಲ್ ೧೯೦೦ಕ್ಕಿಂತ ಹಿಂದಿನದನ್ನು ದಿನಾಂಕವೆಂದೇ ಗಣಿಸುವುದಿಲ್ಲ. ಬರೀ ಅಕ್ಷರವೆಂದು ಇಟ್ಟುಕೊಳ್ಳುತ್ತದೆ. ಪೈಥಾನ್ ಭಾಷೆ ೯೬೭ನ್ನು ಒಪ್ಪುತ್ತದೆ, ಆದರೆ ಫೆಬ್ರವರಿ ೧೭ ಮಂಗಳವಾರ ಎನ್ನುತ್ತದೆ.

ಹಾಗಾದರೆ ಶಾಸನ ಬರೆದವನು ತಪ್ಪಿದನೆ? ಇಲ್ಲ. ಇಂದು ನಾವು ಬಳಸುವ ಗ್ರೆಗೋರಿಯನ್ ಪಂಚಾಂಗ ಬಂದದ್ದು ೧೫೮೨ರಲ್ಲಿ. ಅದಕ್ಕೂ ಹಿಂದಿನ ಕಾಲಕ್ಕೆ ಇತಿಹಾಸಕಾರರು ಹಳೆಯ ಜೂಲಿಯನ್ ಲೆಕ್ಕದಲ್ಲೇ ತಾರೀಖು ಕೊಡುತ್ತಾರೆ. ಯಂತ್ರವಾದರೋ ಹೊಸ ಲೆಕ್ಕವನ್ನೇ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಹತ್ತನೆಯ ಶತಮಾನದ ಆ ಭಾಗದಲ್ಲಿ ಎರಡಕ್ಕೂ ಐದು ದಿನದ ಅಂತರ. ಕಲ್ಲಿನ ಭಾನುವಾರವೇ ಸರಿ.

ಇಂಥ ಸಾಲು ಎದುರಾದಾಗ ಪ್ರೋಗ್ರಾಮು ಏನು ಮಾಡಬೇಕು ಎಂಬುದನ್ನು ಬರೆಯುವವರು ಮೊದಲೇ ಹೇಳಿಡಬೇಕು. ಕೆಲಸವನ್ನೇ ನಿಲ್ಲಿಸಿಬಿಟ್ಟರೆ ಒಂದು ಸಾಲಿಗಾಗಿ ನೂರು ಸಾಲು ಕಾಯಬೇಕು. ತಾನೇ ತಿದ್ದಿಬಿಟ್ಟರೆ ಮುಂದಿನವರಿಗೆ ಮೂಲ ಯಾವುದು, ತಿದ್ದುಪಡಿ ಯಾವುದು ತಿಳಿಯದು. ಸದ್ದಿಲ್ಲದೆ ಬಿಟ್ಟುಬಿಟ್ಟರೆ ಎಲ್ಲಕ್ಕಿಂತ ಕೆಟ್ಟದ್ದು: ಪಟ್ಟಿ ನೋಡಲು ಚೊಕ್ಕಟವಾಗಿರುತ್ತದೆ, ಕೊಳಗಲ್ಲು ಮಾತ್ರ ಇರುವುದಿಲ್ಲ.

ಸರಿಯಾದ ದಾರಿಯನ್ನು ನಮ್ಮ ಶಾಸನತಜ್ಞರು ಕಂಪ್ಯೂಟರು ಬರುವ ಮೊದಲೇ ಹಾಕಿಕೊಟ್ಟಿದ್ದರು. ಕಲ್ಲಿನಲ್ಲಿ ಇದ್ದಂತೆಯೇ ಪಾಠ ಅಚ್ಚು ಮಾಡಿದರು. ಸವೆದ ಅಕ್ಷರವನ್ನು ಕಂಸದಲ್ಲಿಟ್ಟರು. ತಮ್ಮ ತಿದ್ದುಪಡಿಯನ್ನು ಅಡಿಟಿಪ್ಪಣಿಗೆ ಇಳಿಸಿದರು. ತಿಥಿ ವಾರ ಕೂಡದಿದ್ದರೆ ಕೂಡುವುದಿಲ್ಲ ಎಂದು ಬರೆದರೇ ಹೊರತು ಶಾಸನವನ್ನು ಎಸೆಯಲಿಲ್ಲ. ಪ್ರೋಗ್ರಾಮಿಗೂ ಇಷ್ಟೇ ಕಲಿಸಬೇಕು: ಕೂಡುವ ಸಾಲುಗಳನ್ನು ಸೇರಿಸು, ಕೂಡದ್ದನ್ನು ಅದರ ಸಾಲಿನ ಸಂಖ್ಯೆ, ಮೂಲ ಬರಹ, ಕಾರಣಗಳೊಂದಿಗೆ ಬೇರೆ ಫೈಲಿನಲ್ಲಿ ಇಡು, ತಿಳಿದವರು ಬಂದು ನೋಡಲಿ.

ಕೊನೆಗೆ ಮಕ್ಕಳ ಲೆಕ್ಕ ಒಂದಿದೆ. ಸೇರಿದ ಸಾಲುಗಳನ್ನೂ ಪಕ್ಕಕ್ಕಿಟ್ಟ ಸಾಲುಗಳನ್ನೂ ಕೂಡಿದರೆ ಕೊಟ್ಟ ಸಾಲುಗಳ ಮೊತ್ತ ಬರಬೇಕು. ಒಂದು ಕಡಿಮೆ ಬಂದರೂ ಯಾವ ಊರು ಬಿಟ್ಟುಹೋಯಿತೆಂದು ಹುಡುಕಬೇಕು.