ಹಾಡು ಯಾರದು? ಆರ್.ಟಿ. ನಗರದ ಒಂದು ಜಗಳದಿಂದ ಶರೀಫಜ್ಜನವರೆಗೆ

ಆರ್.ಟಿ. ನಗರದಲ್ಲಿ ರಾಜ್ಯೋತ್ಸವದ ಪೆಂಡಾಲು. ಸುದ್ದಿ ಬರೆಯಲು ಹೋಗಿದ್ದೆ. ಧ್ವಜ ಏರಿಸಿದ್ದಾಯಿತು, ಭಾಷಣ ಮುಗಿಯಿತು, ಕೇಸರಿಬಾತ್ ಖಾಲಿಯಾಯಿತು. ಆಮೇಲೆ ಮೈಕಿನ ಹುಡುಗ ಮೊಬೈಲಿನಿಂದ 'ಸೋರುತಿಹುದು ಮನೆಯ ಮಾಳಿಗಿ' ಹಾಕಿದ. ಗಿಟಾರು, ಡ್ರಮ್ಮು ಜೋರಾಗಿದ್ದವು. ಖುರ್ಚಿ ಜೋಡಿಸುತ್ತಿದ್ದ ಕಾಲೇಜು ಹುಡುಗ, 'ರಘು ದೀಕ್ಷಿತ್ ಹಾಡು, ಸೌಂಡ್ ಕೊಡಣ್ಣ' ಅಂದ. ಪಕ್ಕದ ಟೈಲರ್ ಅಂಗಡಿಯ ಯಜಮಾನರಿಗೆ ಸಿಟ್ಟು ಬಂತು. 'ಯಾವ ದೀಕ್ಷಿತಪ್ಪ? ಅದು ಅಶ್ವಥ್ ಹಾಡು' ಅಂದರು. ಹಾವೇರಿ ಕಡೆಯಿಂದ ಕೆಲಸಕ್ಕೆ ಬಂದಿದ್ದ ಗಾರೆ ಮೇಸ್ತ್ರಿಯೊಬ್ಬರು ಇಬ್ಬರನ್ನೂ ನೋಡಿ ನಕ್ಕು, 'ಅದು ನಮ್ಮ ಶರೀಫಜ್ಜಂದು ಬಿಡ್ರೀ' ಅಂದರು.

ನಾನು ಪತ್ರಿಕೆಗೆ ಕಳಿಸಿದ್ದು ಧ್ವಜಾರೋಹಣದ ಹತ್ತು ಸಾಲು. ಈ ಜಗಳಕ್ಕೆ ಅಲ್ಲಿ ಜಾಗ ಇರಲಿಲ್ಲ. ಮೂವರು ಹೇಳಿದ್ದೂ ನಿಜವೇ. ಹಾಗಾದರೆ ಒಂದು ಹಾಡು ಕ್ಯಾಸೆಟ್ಟೋ ಆಲ್ಬಮ್ಮೋ ಆಗಿ ನಮ್ಮ ಕಿವಿಗೆ ಬರುವಾಗ ಅದರಲ್ಲಿ ಯಾರ ಯಾರ ಕೆಲಸ ಸೇರಿರುತ್ತದೆ? ಯಾರ ಹೆಸರು ಉಳಿಯುತ್ತದೆ, ಯಾರದು ಉದುರಿ ಹೋಗುತ್ತದೆ?

ಹೆಸರು ಉದುರುವುದಕ್ಕೆ ದೂರದ ಉದಾಹರಣೆ ಬೇಡ. ಆರ್.ಟಿ. ನಗರ ಅಂದರೆ ರವೀಂದ್ರನಾಥ ಟ್ಯಾಗೋರ್ ನಗರ. ಬಸ್ಸಿನ ಬೋರ್ಡಿನಲ್ಲಿ ಎರಡು ಅಕ್ಷರ ಉಳಿದಿದೆ, ಕವಿ ಇಳಿದುಹೋಗಿದ್ದಾರೆ. ಹಾಡಿನ ವಿಷಯದಲ್ಲಿ ಮಾತ್ರ ಟ್ಯಾಗೋರರ ಹೆಸರು ಗಟ್ಟಿಯಾಗಿ ನಿಂತಿದೆ. ಬಂಗಾಳದಲ್ಲಿ ಅವರ ಹಾಡುಗಳಿಗೆ ರವೀಂದ್ರ ಸಂಗೀತ ಎಂದೇ ಹೆಸರು. ಪದವೂ ಅವರದೇ, ರಾಗವೂ ಅವರದೇ, ಸ್ವರಲಿಪಿಯೂ ಪುಸ್ತಕದಲ್ಲಿ ಇದೆ. ಹಾಗಂತ ಅವರು ಎಲ್ಲವನ್ನೂ ಶೂನ್ಯದಿಂದ ತಂದವರಲ್ಲ. ಹರೆಯದಲ್ಲಿ ಇಂಗ್ಲೆಂಡಿಗೆ ಹೋಗಿದ್ದರು, ಅಲ್ಲಿನ ಹಾಡು ಕೇಳಿದ್ದರು. ಬಂಗಾಳಿಗಳು ಹಳೆಯ ಗೆಳೆಯರನ್ನು ನೆನೆದು ಹಾಡುವ ಅವರ 'ಪುರಾನೋ ಶೇಯಿ ದಿನೇರ್ ಕಥಾ' ಹಾಡಿನ ಮಟ್ಟು ಸ್ಕಾಟ್ಲೆಂಡಿನ ಜನಪದದ್ದು. ಅಲ್ಲಿನ ಜನ ಹೊಸ ವರ್ಷದ ರಾತ್ರಿ ಕೈಕೈ ಹಿಡಿದು ಹಾಡುವ 'ಆಲ್ಡ್ ಲ್ಯಾಂಗ್ ಸೈನ್' ಅದೇ ಮಟ್ಟಿನಲ್ಲಿದೆ.

ಶರೀಫರ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಸಂತ ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಊರು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳ, ಗುರು ಕಳಸದ ಗೋವಿಂದ ಭಟ್ಟರು. ಸ್ವರಲಿಪಿ ಇಲ್ಲ, ರೆಕಾರ್ಡಿಂಗ್ ಅಂತೂ ಇಲ್ಲವೇ ಇಲ್ಲ. ಪದಗಳು ಬಾಯಿಂದ ಬಾಯಿಗೆ, ಏಕತಾರಿಯಿಂದ ಭಜನೆ ಮೇಳಕ್ಕೆ ಹೋದವು. ಒಂದೂರಿನ ಮಟ್ಟು ಇನ್ನೊಂದೂರಿಗೆ ಬೇರೆ. ಆದರೂ ಶರೀಫಜ್ಜನ ಹೆಸರು ಹೋಗಲಿಲ್ಲ. ಕಾರಣ ಸರಳ: ಹೆಸರನ್ನು ಹಾಡಿನೊಳಗೇ ಹೊಲಿದಿಟ್ಟಿದ್ದರು. ಪದದ ಕೊನೆಗೆ ಶಿಶುನಾಳಾಧೀಶ ಎಂಬ ಅಂಕಿತ ಬರುತ್ತದೆ. ವಚನಕಾರರು, ದಾಸರು ಮಾಡಿದ್ದೂ ಇದನ್ನೇ. ಕವರು ಹರಿದರೂ, ಲೇಬಲ್ ಅಳಿಸಿದರೂ, ಹಾಡುವವನೇ ಬರೆದವನ ಹೆಸರು ಹೇಳಿ ಮುಗಿಸಬೇಕು.

ರಾಗ ಕಟ್ಟಿದವನಿಗೆ ಇಂಥ ಅನುಕೂಲ ಇಲ್ಲ.

ಕನ್ನಡದಲ್ಲಿ ಕವಿಯೊಬ್ಬ, ರಾಗ ಹಾಕುವವನೊಬ್ಬ. ಪಿ. ಕಾಳಿಂಗರಾಯರು ಕವಿಗಳ ಪದ್ಯಗಳನ್ನು ವೇದಿಕೆಗೆ, ಗ್ರಾಮಫೋನ್ ತಟ್ಟೆಗೆ ತಂದರು. ಆ ಹಳೆಯ ತಟ್ಟೆಯ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ ಅಷ್ಟೇ. ಪದ್ಯ ಎಷ್ಟೇ ಉದ್ದ ಇರಲಿ, ಅಷ್ಟರಲ್ಲಿ ಮುಗಿಸಬೇಕು. ಕ್ಯಾಸೆಟ್ಟು ಬಂದಾಗ ಲೆಕ್ಕ ಬದಲಾಯಿತು. 60 ನಿಮಿಷದ ಟೇಪು, ಮಗ್ಗುಲಿಗೆ 30 ನಿಮಿಷ. ಒಬ್ಬನೇ ಕವಿಯ ಎಂಟು ಹತ್ತು ಹಾಡು ಒಟ್ಟಿಗೆ ಕೂರಿಸಬಹುದು. ಯಾವುದು ಮೊದಲು, ಯಾವುದು ಮಗ್ಗುಲು ತಿರುಗಿಸಿದ ಮೇಲೆ, ಯಾವ ನುಡಿ ಬಿಡಬೇಕು, ನುಡಿಯ ನಡುವೆ ಕೊಳಲೋ ಪಿಟೀಲೋ ಎಷ್ಟು ಹೊತ್ತು ಅನ್ನುವುದೆಲ್ಲ ತೀರ್ಮಾನ ಆಗಬೇಕು. ಬಿಡಿ ಹಾಡುಗಳು ಆಲ್ಬಮ್ ಆಗುವುದು ಈ ತೀರ್ಮಾನಗಳಿಂದ.

1978ರಲ್ಲಿ ಬಂದ 'ನಿತ್ಯೋತ್ಸವ'ವನ್ನು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎನ್ನುತ್ತಾರೆ. ಕವಿ ಕೆ.ಎಸ್. ನಿಸಾರ್ ಅಹಮದ್, ನಮ್ಮ ಬಳ್ಳಾರಿ ರಸ್ತೆಯಲ್ಲೇ ಮುಂದೆ ಸಿಗುವ ದೇವನಹಳ್ಳಿಯವರು, ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟ್ರು. ರಾಗ ಮೈಸೂರು ಅನಂತಸ್ವಾಮಿ ಅವರದು. ಆ ಹಾಡು ಗೊತ್ತಿಲ್ಲದ ಶಾಲೆ ಕರ್ನಾಟಕದಲ್ಲಿ ಇರಲಾರದು. ಪುಸ್ತಕ ಮುಟ್ಟದ ಮನೆಗೂ ಕವಿ ಹೋದದ್ದು ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ.

ಶರೀಫರ ಪದಗಳು ಕ್ಯಾಸೆಟ್ಟಿಗೆ ಬಂದದ್ದರಲ್ಲಿ ಮೂರು ಹೆಸರು ಮುಖ್ಯ. ಪದಗಳನ್ನು ಸಂಗ್ರಹಿಸಿ, ಅರ್ಥ ಬಿಡಿಸಿ, ಹಾಡುವವರ ಕೈಗೆ ಕೊಟ್ಟವರು ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಆ ಕೆಲಸಕ್ಕಾಗಿಯೇ ಜನ ಅವರನ್ನು 'ಷರೀಫ ಭಟ್ಟ' ಎಂದು ಕರೆದರು. ರಾಗ ಹಾಕಿದವರು ಸಿ. ಅಶ್ವಥ್. ಹಾಡಿ ಮನೆಮನೆಗೆ ಮುಟ್ಟಿಸಿದವರಲ್ಲಿ ಅಶ್ವಥ್ ಜೊತೆಗೆ ಶಿವಮೊಗ್ಗ ಸುಬ್ಬಣ್ಣ. ಅಶ್ವಥ್ ಐಟಿಐ ಕಾರ್ಖಾನೆಯ ನೌಕರ, ಸುಬ್ಬಣ್ಣ ವಕೀಲರು. ಹೊಟ್ಟೆಪಾಡಿಗೆ ಬೇರೆ ಕೆಲಸ ಇಟ್ಟುಕೊಂಡೇ ಇವರೆಲ್ಲ ಹಾಡು ಕಟ್ಟಿದ್ದು. 1990ರಲ್ಲಿ ಟಿ.ಎಸ್. ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ಸಂಗೀತ ಅಶ್ವಥ್ ಅವರದೇ. ಅಲ್ಲಿಂದ ಮುಂದೆ ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಶರೀಫರೆಂದರೆ ಅಶ್ವಥ್ ದನಿ, ಅಶ್ವಥ್ ಎಂದರೆ ಶರೀಫರು.

ಟೈಲರ್ ಯಜಮಾನರ ಸಿಟ್ಟಿನ ಬೇರು ಇಲ್ಲಿದೆ.

ಈಗ ಸ್ವಲ್ಪ ಇಂಗ್ಲೆಂಡಿಗೆ ಹೋಗಿ ಬರೋಣ. ಹಳೆಯ ಹಳ್ಳಿ ಪದಗಳನ್ನು ಹೊಸ ಆಲ್ಬಮ್ಮಿಗೆ ತರುವ ಇದೇ ಕೆಲಸ ಅಲ್ಲೂ ನಡೆದಿತ್ತು. 1903ರಲ್ಲಿ ಸೆಸಿಲ್ ಶಾರ್ಪ್ ಎಂಬ ಸಂಗೀತದ ಮೇಷ್ಟ್ರು ಸಾಮರ್‌ಸೆಟ್ ಎಂಬ ಸೀಮೆಯ ಹಳ್ಳಿಯೊಂದಕ್ಕೆ ಹೋಗಿದ್ದರು. ತೋಟದ ಮಾಲಿಯೊಬ್ಬ ಕೆಲಸ ಮಾಡುತ್ತಾ ಹಾಡಿಕೊಳ್ಳುತ್ತಿದ್ದ. ಶಾರ್ಪ್ ಅದನ್ನು ಬರೆದುಕೊಂಡರು. ಆ ಮಾಲಿಯ ಹೆಸರು ಜಾನ್ ಇಂಗ್ಲೆಂಡ್. ಆಮೇಲೆ ಶಾರ್ಪ್ ಹಳ್ಳಿ ಹಳ್ಳಿ ಸುತ್ತಿ ಸಾವಿರಾರು ಹಾಡು ಕೂಡಿಹಾಕಿದರು. ಲಂಡನ್ನಿನಲ್ಲಿ ಅವರ ಹೆಸರಿನ ಕಟ್ಟಡವೇ ಇದೆ, ಒಳಗೆ ಜನಪದದ ಗ್ರಂಥಾಲಯ.

ಅರವತ್ತು ವರ್ಷ ದಾಟಿದ ಮೇಲೆ ಫೇರ್‌ಪೋರ್ಟ್ ಕನ್ವೆನ್ಷನ್ ಎಂಬ ಹುಡುಗರ ರಾಕ್ ತಂಡ ಆ ಗ್ರಂಥಾಲಯದ ಬಾಗಿಲು ತಟ್ಟಿತು. ಅದಕ್ಕೆ ಮುಂಚೆ ಅವರದೊಂದು ದುಃಖದ ಕಥೆ ಇದೆ. 1969ರ ಮೇ ತಿಂಗಳಲ್ಲಿ ಕಾರ್ಯಕ್ರಮ ಮುಗಿಸಿ ರಾತ್ರಿ ವಾಪಸು ಬರುವಾಗ ವ್ಯಾನ್ ಉರುಳಿತು. ಡ್ರಮ್ ಬಾರಿಸುತ್ತಿದ್ದ ಮಾರ್ಟಿನ್ ಲ್ಯಾಂಬಲ್ ಸತ್ತ, ವಯಸ್ಸು 19. ಗಿಟಾರ್ ವಾದಕನ ಗೆಳತಿಯೂ ಸತ್ತಳು. ತಂಡ ಮುಗಿದೇ ಹೋಯಿತು ಅಂದುಕೊಂಡರು. ಹಳೆಯ ಹಾಡುಗಳನ್ನು ನುಡಿಸಲು ಮನಸ್ಸು ಬರಲಿಲ್ಲ. ಹಳ್ಳಿಯೊಂದರಲ್ಲಿ ಮನೆ ಬಾಡಿಗೆ ಹಿಡಿದು, ಹೊಸ ಡ್ರಮ್ಮರ್ ಸೇರಿಸಿಕೊಂಡು, ಒಬ್ಬ ಪಿಟೀಲಿನವನನ್ನು ಕಾಯಂ ಮಾಡಿಕೊಂಡು ಅಭ್ಯಾಸಕ್ಕೆ ಕೂತರು. ಬಾಸ್ ಗಿಟಾರಿನ ಆಶ್ಲಿ ಹಚಿಂಗ್ಸ್ ಗ್ರಂಥಾಲಯದಲ್ಲಿ ಕೂತು ಹಳೆಯ ಪದ ಹುಡುಕಿ ತಂದ. ಸ್ಯಾಂಡಿ ಡೆನ್ನಿ ಹಾಡಿದಳು. ಲಂಡನ್ನಿನ ಸ್ಟುಡಿಯೊದಲ್ಲಿ ಜೋ ಬಾಯ್ಡ್ ನಿರ್ಮಾಪಕರಾಗಿ ನಿಂತರು. ಅದೇ ವರ್ಷದ ಡಿಸೆಂಬರ್‌ನಲ್ಲಿ 'ಲೀಜ್ ಆಂಡ್ ಲೀಫ್' ಆಲ್ಬಮ್ ಹೊರಬಂತು, ಎಂಟು ಹಾಡು. ಸಾವಿನ ಮನೆಯಿಂದ ಎದ್ದು ಬಂದವರು ಅಜ್ಜಿಯ ಕಾಲದ ಪದಗಳಿಗೆ ಕರೆಂಟು ಕೊಟ್ಟರು. ಬ್ರಿಟನ್ನಿನ ಫೋಕ್ ರಾಕ್ ಎಂದರೆ ಇವತ್ತಿಗೂ ಆ ಆಲ್ಬಮ್ಮಿನ ಹೆಸರು ಮೊದಲ ಸಾಲಿನಲ್ಲಿ ಬರುತ್ತದೆ.

ಅಲ್ಲೂ ಹೆಸರಿನ ಜಗಳ ಇತ್ತು. 'ಸ್ಕಾರ್‌ಬರೊ ಫೇರ್' ಅಲ್ಲಿನ ಹಳೆಯ ಜನಪದ. ಅದನ್ನು ಗಿಟಾರಿಗೆ ಚೆಂದ ಮಾಡಿ ಕೂರಿಸಿದವರು ಇಂಗ್ಲೆಂಡಿನ ಮಾರ್ಟಿನ್ ಕಾರ್ತಿ. ಅಮೆರಿಕದಿಂದ ಬಂದಿದ್ದ ಪಾಲ್ ಸೈಮನ್ ಅವರಿಂದ ಕೇಳಿ ಕಲಿತರು. 1966ರಲ್ಲಿ ಸೈಮನ್ ಮತ್ತು ಗಾರ್ಫಂಕಲ್ ಆಲ್ಬಮ್ಮಿನಲ್ಲಿ ಅದು ಬಂದು ಲೋಕಪ್ರಸಿದ್ಧವಾಯಿತು. ಕಾರ್ತಿಯ ಹೆಸರು ಎಲ್ಲೂ ಇರಲಿಲ್ಲ. ಪದ ಜನಪದದ್ದು, ಅದಕ್ಕೆ ಯಾರೂ ಯಜಮಾನರಲ್ಲ ಅಂತ ಕಾನೂನು ಹೇಳಬಹುದು. ಕಾರ್ತಿಯ ಮನಸ್ಸಿನ ಕಹಿ ಮಾತ್ರ ಬಹಳ ವರ್ಷ ಹೋಗಲಿಲ್ಲ. ಕಡೆಗೆ 2000ದಲ್ಲಿ ಸೈಮನ್ ಲಂಡನ್ನಿನ ವೇದಿಕೆಗೆ ಅವರನ್ನು ಕರೆದು ಆ ಹಾಡನ್ನು ಜೊತೆಯಲ್ಲಿ ಹಾಡಿದರು. ಮೂವತ್ತನಾಲ್ಕು ವರ್ಷ!

ನಮ್ಮ ರಘು ದೀಕ್ಷಿತರ ಆಲ್ಬಮ್ಮಿಗೆ ಬರೋಣ. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದ, ಭರತನಾಟ್ಯ ಕಲಿತ ಹುಡುಗ. ಅವರ ಮೊದಲ ಆಲ್ಬಮ್ 2008ರಲ್ಲಿ ಬಂತು. ಹೊರತಂದದ್ದು ಹಿಂದಿ ಸಿನಿಮಾದ ಸಂಗೀತ ಜೋಡಿ ವಿಶಾಲ್ ಶೇಖರ್. ಇದರಲ್ಲೂ ಎಂಟೇ ಹಾಡು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಎರಡು ಶರೀಫರವು: 'ಗುಡುಗುಡಿಯಾ ಸೇದಿ ನೋಡೋ' ಮತ್ತು ನಮ್ಮ ಪೆಂಡಾಲಿನ 'ಸೋರುತಿಹುದು'. ಅಶ್ವಥ್ ದನಿಯಲ್ಲಿ ಕೇಳಿದರೆ ಮಾಳಿಗೆ ಸೋರುವುದು ಒಂದು ಹೆದರಿಕೆಯಾಗಿ ಎದೆಗಿಳಿಯುತ್ತದೆ. ರಘು ಹಾಡಿದರೆ ಸೋರುವ ಮನೆಯೊಳಗೇ ಯಾರೋ ಕುಣಿಯಲು ಎದ್ದಂತೆ ಇರುತ್ತದೆ. ನನಗೆ ಮೊದಲನೆಯದೇ ಹೆಚ್ಚು, ಅದು ನನ್ನ ವಯಸ್ಸೂ ಇರಬಹುದು. ರಘು ಲುಂಗಿ ಉಟ್ಟು, ಗೆಜ್ಜೆ ಕಟ್ಟಿ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ, ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಗ್ಲಾಸ್ಟನ್‌ಬರಿ ಇರುವುದು ಅದೇ ಸಾಮರ್‌ಸೆಟ್ ಸೀಮೆಯಲ್ಲಿ, ಶಾರ್ಪ್ ಮಾಲಿಯ ಹಾಡು ಬರೆದುಕೊಂಡ ಕಡೆ.

ಒಂದು ಮಾತು ಜಾಜ್ ಬಗ್ಗೆಯೂ ಹೇಳಿಬಿಡುತ್ತೇನೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಎಂಬ ಮೃದಂಗ ವಿದ್ವಾಂಸರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆ ಶುರು ಮಾಡಿದರು. ಅವರು, ಅವರ ಪತ್ನಿ ಗಾಯಕಿ ಆರ್.ಎ. ರಮಾಮಣಿ, ಜೊತೆಗೆ ಘಟ ಮತ್ತು ಖಂಜಿರದವರು 1983ರಲ್ಲಿ ಜರ್ಮನಿಗೆ ಹೋಗಿ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 'ಜ್ಯೋತಿ' ಎಂಬ ಆಲ್ಬಮ್ ಮಾಡಿದರು. ಜಾಜ್‌ನಲ್ಲಿ ದೊಡ್ಡ ಹೆಸರಾದ ಇಸಿಎಂ ಕಂಪನಿ ಅದನ್ನು ಹೊರತಂದಿತು. ನನಗೆ ಇಷ್ಟವಾದದ್ದು ಕವರು. ಮರಿಯಾನೊ ಹೆಸರಿನ ಜೊತೆ ಶಾಲೆಯ ಹೆಸರೂ ಇದೆ. ಕರ್ನಾಟಕ ಎಂಬ ಶಬ್ದ ಆ ತಟ್ಟೆಯ ಮೇಲೆ ಲೋಕ ಸುತ್ತಿತು.

ಕಾನೂನು ಏನು ಹೇಳುತ್ತದೆ? ಶರೀಫರ ಪದಕ್ಕೆ ಹಕ್ಕುಸ್ವಾಮ್ಯ ಇಲ್ಲ, ಯಾರು ಬೇಕಾದರೂ ಹಾಡಬಹುದು, ಹೊಸ ರಾಗ ಹಾಕಬಹುದು. ಅಶ್ವಥ್ ಕಟ್ಟಿದ ರಾಗದ ಮಾತು ಬೇರೆ. ನಮ್ಮ ದೇಶದಲ್ಲಿ ರಾಗ ಕಟ್ಟಿದವರು ತೀರಿಕೊಂಡ ಮೇಲೂ 60 ವರ್ಷ ಆ ರಾಗಕ್ಕೆ ಹಕ್ಕು ಇರುತ್ತದೆ. ಅಶ್ವಥ್ ಹೋದದ್ದು 2009ರ ಡಿಸೆಂಬರ್ 29ರಂದು, ಅವರು ಹುಟ್ಟಿದ ದಿನವೇ. ಅಂದರೆ 2069 ಮುಗಿಯುವವರೆಗೆ. ಮೊದಲು ಈ ಅವಧಿ 50 ವರ್ಷ ಇತ್ತು. 1941ರಲ್ಲಿ ತೀರಿಕೊಂಡ ಟ್ಯಾಗೋರರ ಕೃತಿಗಳ ಹಕ್ಕು 1991ಕ್ಕೆ ಮುಗಿಯುವುದರಲ್ಲಿತ್ತು. ಅದನ್ನು ಉಳಿಸಬೇಕೆಂಬ ಒತ್ತಾಯದಿಂದ ಸರ್ಕಾರ ಹತ್ತು ವರ್ಷ ಹೆಚ್ಚಿಸಿತು. ಬಸ್ಸಿನ ಬೋರ್ಡಿನಿಂದ ಇಳಿದುಹೋದ ಟ್ಯಾಗೋರ್ ಅಶ್ವಥ್ ರಾಗಕ್ಕೆ ಹತ್ತು ವರ್ಷ ಕಾವಲು ಕೊಟ್ಟಿದ್ದಾರೆ! 2012ರಲ್ಲಿ ಕಾನೂನು ಮತ್ತೆ ತಿದ್ದುಪಡಿಯಾಯಿತು. ಹಾಡನ್ನು ಕಂಪನಿಗೆ ಮಾರಿದ್ದರೂ ಬರೆದವರಿಗೆ, ರಾಗ ಕಟ್ಟಿದವರಿಗೆ ರಾಯಧನದ ಪಾಲು ಸಿಗಬೇಕು ಎಂದಾಯಿತು. ಆದರೆ ಪಾಲು ಸಿಗಬೇಕಾದರೆ ಮೊದಲು ಹೆಸರು ಗೊತ್ತಿರಬೇಕಲ್ಲ. ಯಾರೋ ಮೊಬೈಲಿನಲ್ಲಿ ಹರಿಬಿಟ್ಟ ಹಾಡಿಗೆ 'ಸೂಪರ್ ಜಾನಪದ' ಅಂತ ತಲೆಬರಹ ಇದ್ದರೆ ಯಾರ ಪಾಲು ಯಾರಿಗೆ?

ರಾಗ ಮುಖ್ಯವೇ ಅಂತ ಕೇಳುವವರಿಗೆ ನಾಡಗೀತೆ ನೆನಪಿಸುತ್ತೇನೆ. ಪದ ಕುವೆಂಪು ಅವರದು, ಅದರಲ್ಲಿ ತಕರಾರಿಲ್ಲ. ಅನಂತಸ್ವಾಮಿ ಧಾಟಿಯೋ ಅಶ್ವಥ್ ಧಾಟಿಯೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿ ಧಾಟಿಯನ್ನೇ ಗೊತ್ತುಮಾಡಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಆದೇಶ ಮಾಡಿತು. ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು.

ಪೆಂಡಾಲು ಬಿಚ್ಚಿದ ಮೇಲೆ ಟೈಲರ್ ಯಜಮಾನರು ನನ್ನನ್ನು ಅಂಗಡಿಗೆ ಕರೆದರು. 2005ರಲ್ಲಿ ಮೇಖ್ರಿ ಸರ್ಕಲ್ ದಾಟಿ ಅರಮನೆ ಮೈದಾನಕ್ಕೆ ಅಶ್ವಥ್ ಅವರ 'ಕನ್ನಡವೇ ಸತ್ಯ' ಕೇಳಲು ನಡೆದೇ ಹೋಗಿದ್ದರಂತೆ, ಜನ ನೋಡಿ ದಂಗಾಗಿದ್ದರಂತೆ. ಹೊಲಿಗೆ ಯಂತ್ರದ ಖಾನೆಯಿಂದ ಒಂದು ಬಿಸ್ಕತ್ ಡಬ್ಬಿ ತೆಗೆದರು. ಟೇಪ್ ರೆಕಾರ್ಡರ್ ಕೆಟ್ಟು ಎಷ್ಟೋ ವರ್ಷವಾಯಿತು, ಟೇಪುಗಳಿಗೆ ಬೂಷ್ಟು ಹಿಡಿದು ಎಸೆದಾಯಿತು. ಕವರಿನ ಕಾರ್ಡುಗಳನ್ನು ಮಾತ್ರ ಬಟನ್ನುಗಳ ಜೊತೆ ಇಟ್ಟುಕೊಂಡಿದ್ದರು. ಮಡಿಕೆಯಲ್ಲಿ ಹರಿದಿದ್ದ ಒಂದನ್ನು ಬಿಡಿಸಿ ಬೆರಳಿಟ್ಟು ತೋರಿಸಿದರು: ಸಾಹಿತ್ಯ, ಸಂಗೀತ, ಗಾಯನ. ಕಾಲೇಜು ಹುಡುಗನೂ ಬಂದು ಬಗ್ಗಿ ನೋಡಿದ. ಮೊಬೈಲ್ ತೆಗೆದು ಕಾರ್ಡಿನ ಫೋಟೊ ಹೊಡೆದುಕೊಂಡ.

'ಇದರಲ್ಲಿ ತಬಲಾ ಯಾರು ಬಾರಿಸಿದ್ದು, ಅಂಕಲ್?' ಅಂತ ಕೇಳಿದ.

ಯಜಮಾನರು ಕಾರ್ಡನ್ನು ತಿರುಗಿಸಿ ನೋಡಿದರು. ಅದು ಬರೆದಿರಲಿಲ್ಲ.