ಶಿಕ್ಷಣ ಮಂಡಲಿಯಲ್ಲಿ ವಿದ್ಯಾರ್ಥಿಯ ಮತ: ಮೇರಿಲ್ಯಾಂಡ್ ಸಂಸ್ಥಾನದ ಒಂದು ಪ್ರಯೋಗದ ಚರಿತ್ರೆ

ವಿದ್ಯೆಯನ್ನು ಪಡೆಯುವವನಿಗೆ ವಿದ್ಯಾಸಂಸ್ಥೆಯ ಆಡಳಿತದಲ್ಲಿ ಸ್ಥಾನವುಂಟೆ ಎಂಬ ಪ್ರಶ್ನೆ ತೀರ ಈಚಿನದೆಂದು ಭಾವಿಸುವುದು ವಾಡಿಕೆ. ಆದರೆ ಯೂರೋಪಿನ ವಿಶ್ವವಿದ್ಯಾನಿಲಯಗಳ ಉಗಮವನ್ನು ಪರಿಶೀಲಿಸಿದವರಿಗೆ ಇದು ಆ ಸಂಸ್ಥೆಗಳಷ್ಟೇ ಹಳೆಯ ಪ್ರಶ್ನೆಯೆಂಬುದು ಗೋಚರವಾಗುತ್ತದೆ. ಇಟಲಿಯ ಬೊಲೋನ್ಯಾ ನಗರದಲ್ಲಿ ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ನ್ಯಾಯಶಾಸ್ತ್ರವನ್ನು ಕಲಿಯಲು ಪರಸ್ಥಳಗಳಿಂದ ಬಂದ ವಿದ್ಯಾರ್ಥಿಗಳು ತಮ್ಮದೇ ಸಂಘಗಳನ್ನು ಕಟ್ಟಿಕೊಂಡು, ತಮ್ಮೊಳಗಿನವರನ್ನೇ ರೆಕ್ಟರ್ ಪದವಿಗೆ ಚುನಾಯಿಸುತ್ತಿದ್ದರು. ಅಧ್ಯಾಪಕರು ಆ ರೆಕ್ಟರನಿಗೆ ವಿಧೇಯರಾಗಿರುವುದಾಗಿ ಪ್ರಮಾಣ ಮಾಡಬೇಕಾಗಿತ್ತು. ಪಾಠವನ್ನು ತಡವಾಗಿ ಆರಂಭಿಸಿದರೆ ದಂಡ. ಅನುಮತಿಯಿಲ್ಲದೆ ಒಂದು ದಿನ ಗೈರುಹಾಜರಾದರೂ ದಂಡ. ಗುರುಕುಲದ ಕಲ್ಪನೆಯನ್ನು ಪರಂಪರೆಯಿಂದ ಪಡೆದ ನಮಗೆ ಇದು ವಿಪರೀತವಾಗಿ ತೋರಬಹುದು. ಆದರೆ ಇದರ ಕಾರಣ ಸರಳವಾದುದು: ಅಧ್ಯಾಪಕನ ಸಂಭಾವನೆಯನ್ನು ವಿದ್ಯಾರ್ಥಿಗಳೇ ನೇರವಾಗಿ ಕೊಡುತ್ತಿದ್ದರು, ಅವರಲ್ಲಿ ಅನೇಕರು ಬೆಳೆದು ಪ್ರಾಯಕ್ಕೆ ಬಂದ ಗೃಹಸ್ಥರು. ಮುಂದೆ ನಗರಸಭೆಯು ಅಧ್ಯಾಪಕರಿಗೆ ವೇತನವನ್ನು ಕೊಡತೊಡಗಿದಂತೆ ಅಧಿಕಾರವೂ ನಗರಸಭೆಯ ಕಡೆಗೆ ಸರಿಯಿತು. ಹಣವನ್ನು ತೆರುವವನಿಗೇ ಮಾತು ಎಂಬ ನಿಯಮವು ಇಲ್ಲಿ ಎರಡು ದಿಕ್ಕಿನಲ್ಲಿಯೂ ಕೆಲಸ ಮಾಡಿದೆ.

ಪ್ರಸ್ತುತ ಲೇಖನದ ವಸ್ತು ಇದಕ್ಕಿಂತ ಕಿರಿದಾದುದು. ಆದರೂ ಒಂದು ದೃಷ್ಟಿಯಿಂದ ಹೆಚ್ಚು ಜಟಿಲವಾದುದು. ಶುಲ್ಕವನ್ನು ಕೊಡದ, ತೆರಿಗೆಯನ್ನು ತೆರದ, ಶಾಸನಸಭೆಗೆ ಮತ ಹಾಕುವ ವಯಸ್ಸೂ ಆಗದ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ತನ್ನ ಸಹಪಾಠಿಗಳಿಂದ ಆಯ್ಕೆಗೊಂಡು, ಜಿಲ್ಲೆಯ ಶಾಲೆಗಳನ್ನೆಲ್ಲ ಆಳುವ ಶಿಕ್ಷಣ ಮಂಡಲಿಯಲ್ಲಿ ಹಿರಿಯರೊಡನೆ ಕುಳಿತು ಮತ ನೀಡಬಹುದೆ? ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಮೇರಿಲ್ಯಾಂಡ್ ಈ ಪ್ರಶ್ನೆಗೆ ಐವತ್ತು ವರ್ಷಗಳಷ್ಟು ಹಿಂದೆಯೇ ಬಹುದೆಂದು ಉತ್ತರ ಕೊಟ್ಟಿತು. ಆ ಉತ್ತರವು ನ್ಯಾಯಾಲಯದ ಕಟಕಟೆಯನ್ನು ಏರಿದುದು ಮಾತ್ರ ೨೦೨೦ರ ಸುಮಾರಿಗೆ.

ಅಮೆರಿಕದಲ್ಲಿ ಶಾಲೆಗಳ ಆಡಳಿತವು ಬಹುಮಟ್ಟಿಗೆ ಸ್ಥಳೀಯ ಮಂಡಲಿಗಳ ಕೈಯಲ್ಲಿದೆ. ಇಂತಹ ಶಾಲಾ ಪ್ರದೇಶಗಳು ಆ ದೇಶದಲ್ಲಿ ಸುಮಾರು ಹದಿಮೂರು ಸಾವಿರ. ಪಠ್ಯಕ್ರಮ, ಶಾಲೆಗಳ ಗಡಿ, ಉಪಾಧ್ಯಾಯರೊಡನೆ ವೇತನದ ಒಪ್ಪಂದ, ಆಯವ್ಯಯ, ಇವೆಲ್ಲ ಅಲ್ಲಿಯೇ ತೀರ್ಮಾನವಾಗತಕ್ಕವು. ಮೇರಿಲ್ಯಾಂಡಿನಲ್ಲಿ ಈ ಪ್ರದೇಶಗಳು ಕೇವಲ ಇಪ್ಪತ್ತನಾಲ್ಕು: ಇಪ್ಪತ್ತಮೂರು ಕೌಂಟಿಗಳಿಗೆ ತಲಾ ಒಂದು, ಬಾಲ್ಟಿಮೋರ್ ನಗರಕ್ಕೆ ಒಂದು. ಒಂದು ಕೌಂಟಿಯ ಶಾಲೆಗಳೆಲ್ಲ ಒಂದೇ ಮಂಡಲಿಯ ಅಧೀನವಾಗಿರುವುದರಿಂದ ಅಲ್ಲಿನ ವಿದ್ಯಾರ್ಥಿ ಸಂಘಗಳೂ ಕೌಂಟಿಯ ಮಟ್ಟದಲ್ಲಿ ಒಂದುಗೂಡಲು ಅನುಕೂಲವಾಯಿತು. ಈ ಪ್ರಯೋಗವು ಮೇರಿಲ್ಯಾಂಡಿನಲ್ಲಿ ಬೇರೂರಿದುದಕ್ಕೆ ಅಲ್ಲಿನ ಜನರ ಔದಾರ್ಯಕ್ಕಿಂತ ಈ ಆಡಳಿತ ರಚನೆಯೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ. ನೂರಾರು ಚಿಕ್ಕ ಮಂಡಲಿಗಳಾಗಿ ಒಡೆದಿರುವ ಸಂಸ್ಥಾನದಲ್ಲಿ ಚುನಾವಣೆಯನ್ನು ನಡೆಸುವ ಯಂತ್ರವನ್ನು ವಿದ್ಯಾರ್ಥಿಗಳು ಕಟ್ಟಿಕೊಳ್ಳುವುದು ಸುಲಭವಲ್ಲ.

ಕಾಲವೂ ಅನುಕೂಲವಾಗಿತ್ತು. ೧೯೬೫ರ ಡಿಸೆಂಬರಿನಲ್ಲಿ ಅಯೋವಾ ಸಂಸ್ಥಾನದ ಡಿ ಮಾಯ್ನ್ ನಗರದ ಕೆಲವು ವಿದ್ಯಾರ್ಥಿಗಳು ವಿಯಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿಯನ್ನು ಧರಿಸಿ ಶಾಲೆಗೆ ಹೋಗಿ ಹೊರಗಟ್ಟಲ್ಪಟ್ಟರು. ಟಿಂಕರ್ ಮೊಕದ್ದಮೆಯೆಂದು ಪ್ರಸಿದ್ಧವಾದ ಈ ವ್ಯಾಜ್ಯದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೬೯ರಲ್ಲಿ ವಿದ್ಯಾರ್ಥಿಗಳ ಪರವಾಗಿ ತೀರ್ಪು ನೀಡಿ, ಶಾಲೆಯ ಆವರಣದೊಳಗೂ ಅವರಿಗೆ ವಾಕ್‌ಸ್ವಾತಂತ್ರ್ಯವಿದೆಯೆಂದು ಸ್ಥಾಪಿಸಿತು. ೧೯೭೧ರಲ್ಲಿ ಸಂವಿಧಾನದ ಇಪ್ಪತ್ತಾರನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು ಹದಿನೆಂಟಕ್ಕೆ ಇಳಿಯಿತು. ಯುದ್ಧಕ್ಕೆ ಕಳುಹಿಸಲು ತಕ್ಕ ವಯಸ್ಸು ಮತ ನೀಡಲು ತಕ್ಕದ್ದಲ್ಲವೆ ಎಂಬ ವಾದಕ್ಕೆ ಆಗ ಪ್ರತ್ಯುತ್ತರವಿರಲಿಲ್ಲ. ಪ್ರೌಢಶಾಲೆಯ ಕೊನೆಯ ತರಗತಿಯಲ್ಲಿಯೇ ಕೆಲವರು ಮತದಾರರಾಗತೊಡಗಿದ ಮೇಲೆ, ಅವರ ಶಾಲೆಯ ವ್ಯವಹಾರದಲ್ಲಿ ಅವರಿಗೆ ಮಾತಿಲ್ಲವೆಂಬುದು ವಿಚಿತ್ರವಾಗಿ ಕಾಣಿಸಿತು. ೧೯೭೫ರಲ್ಲಿ, ಮೇರಿಲ್ಯಾಂಡಿನ ರಾಜಧಾನಿ ಅನಾಪೊಲಿಸ್ ಇರುವ ಆನ್ ಅರಂಡಲ್ ಕೌಂಟಿಯ ಶಿಕ್ಷಣ ಮಂಡಲಿಯಲ್ಲಿ ವಿದ್ಯಾರ್ಥಿ ಸದಸ್ಯನಿಗೆ ಇತರ ಸದಸ್ಯರಿಗೆ ಸಮನಾದ ಪೂರ್ಣ ಮತಾಧಿಕಾರವು ದೊರೆಯಿತು. ಆಯವ್ಯಯದ ಮೇಲೂ ಅವನು ಮತ ಹಾಕಬಹುದು.

ಮಾಂಟ್ಗೊಮೆರಿ ಕೌಂಟಿಯ ದಾರಿ ಇಷ್ಟು ನೇರವಲ್ಲ. ಒಂದೂವರೆ ಲಕ್ಷಕ್ಕೂ ಮಿಕ್ಕಿ ವಿದ್ಯಾರ್ಥಿಗಳಿರುವ ಈ ಕೌಂಟಿಯಲ್ಲಿ ೧೯೭೦ರ ದಶಕದ ಕೊನೆಗೆ ವಿದ್ಯಾರ್ಥಿ ಸದಸ್ಯನ ಸ್ಥಾನವು ಏರ್ಪಟ್ಟಿತು. ಮೊದಲು ಅವನಿಗೆ ಮಂಡಲಿಯ ನಿರ್ಣಯಗಳಲ್ಲಿ ಮತವಿರಲಿಲ್ಲ. ೧೯೮೯ರ ಸುಮಾರಿಗೆ ಕೆಲವು ವಿಷಯಗಳಲ್ಲಿ ಮಾತ್ರ ಮತ ದೊರೆಯಿತು. ೨೦೧೬ರ ಶಾಸನದಿಂದ ಆಯವ್ಯಯ, ಉಪಾಧ್ಯಾಯರೊಡನೆ ಒಪ್ಪಂದ, ಶಾಲೆಗಳನ್ನು ಮುಚ್ಚುವುದು, ಗಡಿಗಳನ್ನು ಬದಲಿಸುವುದು, ಇವುಗಳಿಗೂ ಆ ಹಕ್ಕು ವಿಸ್ತರಿಸಿತು. ಬಾಯಿಂದ ಕೈಗೆ ಬರಲು, ಎಂದರೆ ಮಾತನಾಡುವ ಹಕ್ಕು ಮತವೆತ್ತುವ ಹಕ್ಕಾಗಿ ಪೂರ್ಣಗೊಳ್ಳಲು, ಸುಮಾರು ನಾಲ್ಕು ದಶಕಗಳು ಹಿಡಿದುವು.

ಇಲ್ಲಿನ ಚುನಾವಣೆಯ ಕ್ರಮವು ಗಮನಾರ್ಹವಾಗಿದೆ. ಅಭ್ಯರ್ಥಿಗಳು ಮೊದಲು ವಿವಿಧ ಶಾಲೆಗಳ ಪ್ರತಿನಿಧಿಗಳು ಸೇರುವ ಸಮ್ಮೇಳನವೊಂದನ್ನು ಎದುರಿಸಬೇಕು. ಅಲ್ಲಿ ಭಾಷಣವಾಗುತ್ತದೆ, ಪ್ರಶ್ನೋತ್ತರವಾಗುತ್ತದೆ, ಕೊನೆಗೆ ಇಬ್ಬರು ಮಾತ್ರ ಉಳಿಯುತ್ತಾರೆ. ಅನಂತರ ಆ ಇಬ್ಬರೂ ಕೌಂಟಿಯ ಮಾಧ್ಯಮಿಕ ಮತ್ತು ಪ್ರೌಢಶಾಲೆಗಳ ವಿದ್ಯಾರ್ಥಿ ಸಮುದಾಯದ ಮತವನ್ನು ಯಾಚಿಸುತ್ತಾರೆ. ಮತದಾನವು ಶಾಲೆಗಳಲ್ಲಿಯೇ ನಡೆಯುತ್ತದೆ. ಆರನೆಯ ತರಗತಿಯ ಹನ್ನೊಂದು ವರ್ಷದ ಬಾಲಕನೂ ಇಲ್ಲಿ ಮತದಾರ. ಪದವಿಯ ಅವಧಿ ಜುಲೈ ಒಂದರಿಂದ ಮುಂದಿನ ಜೂನ್ ಕೊನೆಯವರೆಗೆ, ಒಂದೇ ವರ್ಷ. ಈ ಒಂದು ವರ್ಷದ ಮಿತಿಯನ್ನು ವ್ಯವಸ್ಥೆಯ ಸಮರ್ಥಕರು ಸಾಕಷ್ಟು ತೂಗಿ ನೋಡಿಲ್ಲವೆಂದೇ ಹೇಳಬೇಕು. ಹಿರಿಯ ಸದಸ್ಯನು ಹಲವು ವರ್ಷ ಇದ್ದು ಕಡತಗಳ ಒಳಸುಳಿಗಳನ್ನು ಕಲಿಯುತ್ತಾನೆ. ವಿದ್ಯಾರ್ಥಿ ಸದಸ್ಯನು ಆಯವ್ಯಯದ ಭಾಷೆ ಅರ್ಥವಾಗುವ ಹೊತ್ತಿಗೆ ಶಾಲೆಯನ್ನು ಮುಗಿಸಿ ಹೊರಡುತ್ತಾನೆ. ಬೆಳಗ್ಗೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಮಧ್ಯಾಹ್ನದ ಊಟಕ್ಕೆ ಎಷ್ಟು ನಿಮಿಷ ಸಿಗುತ್ತದೆ ಎಂಬುದನ್ನು ಆ ಮೇಜಿನ ಸುತ್ತ ಅನುಭವದಿಂದ ಬಲ್ಲವನು ಮಾತ್ರ ಅವನೊಬ್ಬನೇ.

ಹವರ್ಡ್ ಕೌಂಟಿಯ ವಿಷಯಕ್ಕೆ ಬಂದರೆ, ೨೦೦೭ರ ಶಾಸನವು ಅಲ್ಲಿನ ಏಳು ಮಂದಿ ಹಿರಿಯ ಸದಸ್ಯರೊಡನೆ ಎಂಟನೆಯವನಾಗಿ ವಿದ್ಯಾರ್ಥಿಯೊಬ್ಬನನ್ನು ಸೇರಿಸಿತು. ಆರರಿಂದ ಹನ್ನೊಂದನೆಯ ತರಗತಿಯವರೆಗಿನ ಸಾರ್ವಜನಿಕ ಶಾಲೆಗಳ ವಿದ್ಯಾರ್ಥಿಗಳು ಅವನನ್ನು ಆರಿಸುತ್ತಾರೆ. ಆಯವ್ಯಯ, ನೌಕರರ ನೇಮಕ, ವೇತನದ ಒಪ್ಪಂದ ಮೊದಲಾದುವುಗಳಲ್ಲಿ ಅವನಿಗೆ ಮತವಿಲ್ಲ. ಇಂತಹ ಶಾಸನಗಳನ್ನು ಓದುವಾಗ ಕೊಟ್ಟ ಅಧಿಕಾರಕ್ಕಿಂತ ಕೊಡದೆ ಉಳಿಸಿಕೊಂಡ ಅಧಿಕಾರದ ಪಟ್ಟಿಯೇ ಹೆಚ್ಚು ಬೋಧಪ್ರದವಾದುದು: ಹಣ ಮತ್ತು ಉದ್ಯೋಗ ಎಲ್ಲಿವೆಯೋ ಅಲ್ಲಿ ಬಾಗಿಲು ಮುಚ್ಚಿದೆ. ಉಳಿದ ವಿಷಯಗಳು ನಿರಪಾಯವೆಂದು ಶಾಸನಕಾರರು ತಿಳಿದಿದ್ದರೇನೋ. ಸಮಸಂಖ್ಯೆಯ ಮಂಡಲಿಯಲ್ಲಿ ಮತಗಳು ಸರಿಸಮನಾಗಿ ಒಡೆದರೆ ಗೊತ್ತುವಳಿಯು ಬೀಳುತ್ತದೆ ಎಂಬ ಅಂಶವು ಹದಿಮೂರು ವರ್ಷ ಯಾರ ನಿದ್ದೆಯನ್ನೂ ಕೆಡಿಸಲಿಲ್ಲ.

೨೦೨೦ರಲ್ಲಿ ಕೋವಿಡ್ ಸಾಂಕ್ರಾಮಿಕ ರೋಗದಿಂದಾಗಿ ಶಾಲೆಗಳು ಮುಚ್ಚಿ, ಪಾಠವು ಗಣಕಯಂತ್ರದ ಮೂಲಕ ಮನೆಗಳಲ್ಲಿ ನಡೆಯುತ್ತಿತ್ತು. ಮಕ್ಕಳನ್ನು ತರಗತಿಗೆ ಮರಳಿ ಕರೆಯಬೇಕೆಂಬ ಪ್ರಸ್ತಾವನೆ ಹವರ್ಡ್ ಮಂಡಲಿಯ ಮುಂದೆ ಬಂದಾಗ ನಾಲ್ಕು ಮತಗಳು ಪರವಾಗಿ, ನಾಲ್ಕು ಮತಗಳು ವಿರೋಧವಾಗಿ ಬಿದ್ದುವು. ವಿರೋಧದ ನಾಲ್ಕರಲ್ಲಿ ಒಂದು ವಿದ್ಯಾರ್ಥಿ ಸದಸ್ಯನ ಮತ. ಹಿರಿಯರು ಮಾತ್ರವೇ ಇದ್ದಿದ್ದರೆ ಪ್ರಸ್ತಾವನೆಯು ಗೆಲ್ಲುತ್ತಿತ್ತು. ಹದಿಹರೆಯದವನ ಒಂದು ಮತದಿಂದ ಇಡೀ ಕೌಂಟಿಯ ಶಾಲೆಗಳ ಬಾಗಿಲು ಮುಚ್ಚಿಯೇ ಉಳಿದಾಗ ಮಕ್ಕಳ ತಂದೆತಾಯಿಗಳಲ್ಲಿ ಹಲವರಿಗೆ ಈ ವ್ಯವಸ್ಥೆಯ ಅರ್ಥವು ಮೊದಲ ಬಾರಿಗೆ ಹೊಳೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇಬ್ಬರು ಪಾಲಕರು ನ್ಯಾಯಾಲಯದ ಮೊರೆಹೊಕ್ಕರು.

ವಾದಿಗಳ ತರ್ಕವು ಬಲವಿಲ್ಲದುದಾಗಿರಲಿಲ್ಲ. ಮೇರಿಲ್ಯಾಂಡಿನ ಸಂವಿಧಾನವು ಮತದಾರನಿಗೆ ಹದಿನೆಂಟು ವರ್ಷ ತುಂಬಿರಬೇಕೆನ್ನುತ್ತದೆ. ಹಾಗಿರಲು ಹನ್ನೊಂದು ವರ್ಷದವರು ಆರಿಸಿದ, ತಾನೂ ಅಪ್ರಾಪ್ತವಯಸ್ಕನಾಗಿರಬಹುದಾದ ವ್ಯಕ್ತಿಯು ಸಾರ್ವಜನಿಕ ಅಧಿಕಾರವನ್ನು ಚಲಾಯಿಸುವುದು ಹೇಗೆ ಸಿಂಧುವಾದೀತು? ಕೆಳಗಿನ ನ್ಯಾಯಾಲಯವು ೨೦೨೧ರಲ್ಲಿ ಇದನ್ನು ಒಪ್ಪಲಿಲ್ಲ. ೨೦೨೨ರ ಆಗಸ್ಟಿನಲ್ಲಿ ಸಂಸ್ಥಾನದ ಅತ್ಯುನ್ನತ ನ್ಯಾಯಾಲಯವೂ (ಅದರ ಹೆಸರು ಆಗ ಮೇಲ್ಮನವಿ ನ್ಯಾಯಾಲಯ, ಅದೇ ವರ್ಷದ ಡಿಸೆಂಬರಿನಿಂದ ಸರ್ವೋಚ್ಚ ನ್ಯಾಯಾಲಯ) ವಾದಿಗಳ ವಿರುದ್ಧವಾಗಿ ತೀರ್ಪಿತ್ತಿತು. ಸ್ಥಳೀಯ ಶಿಕ್ಷಣ ಮಂಡಲಿಗಳು ಸಂವಿಧಾನದ ಸೃಷ್ಟಿಯಲ್ಲ, ಶಾಸನಸಭೆಯ ಸೃಷ್ಟಿ. ಸಾರ್ವಜನಿಕ ಶಾಲೆಗಳ ವ್ಯವಸ್ಥೆಯನ್ನು ಏರ್ಪಡಿಸುವ ಹೊಣೆಯನ್ನು ಸಂವಿಧಾನವು ಶಾಸನಸಭೆಗೆ ವಹಿಸಿದೆ. ಆದ್ದರಿಂದ ಮಂಡಲಿಯ ಸದಸ್ಯರನ್ನು ಯಾವ ಕ್ರಮದಿಂದ ಆರಿಸಬೇಕೆಂಬುದನ್ನೂ ಅದು ನಿಶ್ಚಯಿಸಬಹುದು. ಮತದಾರನ ವಯಸ್ಸನ್ನು ಕುರಿತ ನಿಬಂಧನೆಯು ವಿದ್ಯಾರ್ಥಿಗಳು ನಡೆಸುವ ಈ ಆಯ್ಕೆಗೆ ಅನ್ವಯಿಸುವುದಿಲ್ಲ. ತೀರ್ಪಿನ ಸಾರ ಇದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಿದ್ಯಾರ್ಥಿ ಸದಸ್ಯನಿಗೆ ಜಯ ದೊರೆತುದು ನಿಜ. ಆದರೆ ಮಕ್ಕಳಿಗೂ ಮತದ ಹಕ್ಕುಂಟೆಂಬ ಆಧಾರದ ಮೇಲೆ ಅದು ದೊರೆಯಲಿಲ್ಲ. ಶಾಸನಸಭೆಯು ಕೊಟ್ಟುದನ್ನು ಶಾಸನಸಭೆಯೇ ಹಿಂತೆಗೆದುಕೊಳ್ಳಬಹುದು. ಸಂಯುಕ್ತ ಸರ್ಕಾರದ ನ್ಯಾಯಾಲಯಗಳಲ್ಲಿ ಹೂಡಿದ ಇನ್ನೊಂದು ಮೊಕದ್ದಮೆಯಲ್ಲಿ ಇದು ಮತ್ತಷ್ಟು ಸ್ಪಷ್ಟವಾಯಿತು. ವಿದ್ಯಾರ್ಥಿಗಳಿಗೆ ಪ್ರತ್ಯೇಕ ಪ್ರತಿನಿಧಿಯನ್ನು ಕೊಟ್ಟುದರಿಂದ ವಯಸ್ಕರ ಮತದ ಬೆಲೆಯು ಕುಗ್ಗಿತೆಂದೂ, ಧಾರ್ಮಿಕ ಶಾಲೆಗಳಲ್ಲಿ ಓದುವವರನ್ನು ಹೊರಗಿಟ್ಟುದು ಅನ್ಯಾಯವೆಂದೂ ಅಲ್ಲಿ ವಾದಿಸಲಾಯಿತು. ೨೦೨೪ರಲ್ಲಿ ನಾಲ್ಕನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಎರಡು ವಾದಗಳನ್ನೂ ತಳ್ಳಿಹಾಕಿತು. ವಿದ್ಯಾರ್ಥಿ ಸದಸ್ಯನ ಆಯ್ಕೆಯು ಸ್ವಭಾವತಃ ಚುನಾವಣೆಗಿಂತ ನೇಮಕಕ್ಕೆ ಹತ್ತಿರವಾದುದು, ಆದ್ದರಿಂದ ಒಬ್ಬನಿಗೆ ಒಂದೇ ಮತವೆಂಬ ತತ್ತ್ವಕ್ಕೆ ಇಲ್ಲಿ ಭಂಗವಿಲ್ಲವೆಂಬುದು ಅದರ ಅಭಿಪ್ರಾಯ. ಸಮ್ಮೇಳನ, ಭಾಷಣ, ಮತಯಾಚನೆ, ಮತದಾನ ಎಲ್ಲವೂ ಇದ್ದರೂ ಕಾನೂನಿನ ಕಣ್ಣಿನಲ್ಲಿ ಇದು ಚುನಾವಣೆಯೇ ಅಲ್ಲ! ಚುನಾವಣೆಯೆಂದು ಒಪ್ಪಿದ್ದರೆ ಈ ಪದವಿಯು ಉಳಿಯುವುದು ಕಷ್ಟವಾಗುತ್ತಿತ್ತು.

ನೆರೆಯ ಕೆನಡದ ಆಂಟೇರಿಯೊ ಪ್ರಾಂತವು ಬೇರೊಂದು ದಾರಿಯನ್ನು ಹಿಡಿದಿದೆ. ೧೯೯೭ರ ಶಾಸನವು ಅಲ್ಲಿನ ಶಾಲಾ ಮಂಡಲಿಗಳಲ್ಲಿ ವಿದ್ಯಾರ್ಥಿ ಪ್ರತಿನಿಧಿಗೆ ಸ್ಥಾನ ಕಲ್ಪಿಸಿತು. ೨೦೦೬ರ ತಿದ್ದುಪಡಿಯಿಂದ ಅವನ ಅಭಿಮತವನ್ನು ನಡವಳಿಕೆಯ ಪುಸ್ತಕದಲ್ಲಿ ದಾಖಲೆ ಮಾಡಿಸುವ ಹಕ್ಕೂ ಗೌರವಧನವೂ ದೊರೆತುವು. ಆದರೆ ಆ ಮತವು ಲೆಕ್ಕಕ್ಕೆ ಸೇರುವುದಿಲ್ಲ. ಹವರ್ಡಿನ ಬಿಕ್ಕಟ್ಟು ಅಲ್ಲಿ ಉದ್ಭವಿಸುವಂತೆಯೇ ಇಲ್ಲ.

ನಮ್ಮ ದೇಶದಲ್ಲಿ ೨೦೦೯ರ ಶಿಕ್ಷಣ ಹಕ್ಕಿನ ಅಧಿನಿಯಮವು ಶಾಲೆಯ ಆಡಳಿತ ಸಮಿತಿಯ ಮುಕ್ಕಾಲು ಪಾಲು ಸದಸ್ಯತ್ವವನ್ನು ತಂದೆತಾಯಿಗಳಿಗೂ ಪೋಷಕರಿಗೂ ಮೀಸಲಿಟ್ಟಿದೆ. ಕೇಂದ್ರ ಸರ್ಕಾರದ ಮಾದರಿ ನಿಯಮಗಳು ಉಳಿದ ಕಾಲುಭಾಗದಲ್ಲಿ ಮೂರನೆಯ ಒಂದು ಅಂಶವನ್ನು ಸ್ಥಳೀಯ ಶಿಕ್ಷಣವೇತ್ತರಿಗೆ ಅಥವಾ ಶಾಲೆಯ ಮಕ್ಕಳಿಗೆ ಬಿಟ್ಟಿವೆ. ಇಬ್ಬರಲ್ಲಿ ಯಾರೆಂಬುದನ್ನು ಸಮಿತಿಯಲ್ಲಿರುವ ಪಾಲಕರೇ ತೀರ್ಮಾನಿಸತಕ್ಕದ್ದು. ಮಕ್ಕಳು ತಮ್ಮ ಪ್ರತಿನಿಧಿಯನ್ನು ತಾವೇ ಚುನಾಯಿಸಬೇಕೆಂಬ ಮಾತು ಆ ನಿಯಮದಲ್ಲಿಲ್ಲ.