ಹೊಸ್ತಿಲ ಕೆಳಗಿನ ಕಾಸು

ಬಳ್ಳಾರಿ ಸೀಮೆಯ ಕಾನಹೊಸಹಳ್ಳಿ, ಗುಡೇಕೋಟೆ, ಜರಿಮಲೆ ಕಡೆ ಹಳೆಯ ಮಾಳಿಗೆ ಮನೆ ಬಿಚ್ಚುತ್ತಾರೆಂದರೆ ಓಣಿಯ ಮಂದಿಯೆಲ್ಲ ಅಲ್ಲಿರುತ್ತಾರೆ. ಜಂತಿ ಇಳಿಸುವಾಗ, ಗೋಡೆಯ ಗೂಡು ಕೆದಕುವಾಗ, ಹಗೇವಿನ ಬಾಯಿ ತೆಗೆಯುವಾಗ ಎಲ್ಲರ ಕಣ್ಣೂ ಹೊನ್ನನ್ನು ಹುಡುಕುತ್ತದೆ. ಸಿಗುವುದು ಬಹುಮಟ್ಟಿಗೆ ಹಸಿರು ಕಿಲುಬು ಹತ್ತಿದ ತಾಮ್ರದ ಬಿಲ್ಲೆ. ಅದನ್ನು ಕೈಗೆತ್ತಿಕೊಂಡವರು ಮೊದಲು ಓಡುವುದು ಹುಣಸೆಹಣ್ಣಿಗೆ. ಅಲ್ಲೇ ತಡೆಯಬೇಕು. ಹುಣಸೆಹುಳಿ, ಬೂದಿ ಹಾಕಿ ತಿಕ್ಕಿದರೆ ಬಿಲ್ಲೆ ಫಳಫಳ ಹೊಳೆಯುತ್ತದೆ, ಆದರೆ ಸವೆದು ಉಳಿದಿದ್ದ ನಾಲ್ಕಕ್ಷರವೂ ಹೋಗುತ್ತದೆ. ಆ ನಾಲ್ಕಕ್ಷರವೇ ಈ ಸೀಮೆಯ ಚರಿತ್ರೆ.

ಬಿಲ್ಲೆಯ ಮೇಲೆ ಆನೆ ಕಂಡರೆ ಜನ ಥಟ್ಟನೆ ‘ವಿಜಯನಗರದ್ದು’ ಅನ್ನುತ್ತಾರೆ. ಹಂಪಿ ಹತ್ತಿರವೇ ಇರುವಾಗ ಹಾಗನ್ನಿಸುವುದು ಸಹಜ. ಆದರೆ ಈ ಭಾಗದಲ್ಲಿ ಸಿಗಬಹುದಾದ ಆನೆಗಳು ಕನಿಷ್ಠ ಮೂರು. ಇಮ್ಮಡಿ ದೇವರಾಯನ ತಾಮ್ರದ ನಾಣ್ಯದಲ್ಲಿ ಆನೆಯಿದ್ದರೆ ನಾಣ್ಯದ ಬೆನ್ನಿಗೆ ನಾಗರಿ ಲಿಪಿ ಇರಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆನೆಯ ಮೇಲೆ ಸೂರ್ಯ, ಚಂದ್ರ, ನಡುವೆ ಕನ್ನಡದ ‘ಶ್ರೀ’ ಕಾಣಬಹುದು. ಆ ಕಾಲದ ಕಾಸುಗಳಲ್ಲಿ ಕನ್ನಡದ ‘ಮಯಿಲಿ ಕಾಸು’ ಎಂಬ ಬರಹದ ಜೊತೆ ಇಂಗ್ಲಿಷ್ ಅಕ್ಷರಗಳೂ ಬರುತ್ತವೆ. ಮೂರನೆಯದು ಟಿಪ್ಪು ಸುಲ್ತಾನನ ಆನೆ.

ಈ ಮೂರನೆಯದನ್ನು ಓದುವುದೇ ಒಂದು ಸೊಗಸು. ನಾಣ್ಯದ ಬೆನ್ನಿನ ಮೇಲೆ ಪಾರ್ಸಿಯಲ್ಲಿ ಟಂಕಸಾಲೆಯ ಹೆಸರಿರುತ್ತದೆ. ‘ಫರ್ರುಖ್‌ಯಾಬ್ ಹಿಸಾರ್’ ಎಂದಿದ್ದರೆ ಅದು ಚಿತ್ರದುರ್ಗ. 1779ರಲ್ಲಿ ಹೈದರಾಲಿಯ ವಶವಾದ ದುರ್ಗಕ್ಕೆ ಟಿಪ್ಪು ಇಟ್ಟ ಹೆಸರಿದು. ‘ಫೈಜ್ ಹಿಸಾರ್’ ಎಂದಿದ್ದರೆ ಗುತ್ತಿ. ಇಸವಿ ಓದಲು ಹೋದವರಿಗೆ ಇನ್ನೊಂದು ತೊಡಕು. 1787ರ ಸುಮಾರಿಗೆ ಟಿಪ್ಪು ಮೌಲೂದಿ ಶಕೆ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 5121 ಎಂದು ಕಂಡರೆ ಅದು ಆ ಶಕೆಯ 1215. ನಾಣ್ಯಗಳಿಗೆ ಆಕಾಶದಿಂದ ಹೆಸರು ತಂದವನೂ ಅವನೇ: ಪೈಸೆಗೆ ಶುಕ್ರಗ್ರಹದ ‘ಜೊಹ್ರಾ’, ಅರ್ಧಪೈಸೆಗೆ ಮಂಗಳನ ‘ಬಹ್ರಾಮ್’.

ಇಷ್ಟು ಬಗೆಯ ಕಾಸು ಒಂದೇ ಸೀಮೆಯಲ್ಲಿ ಏಕೆ? ಪಾಳೆಯಗಾರರು, ದುರ್ಗದ ನಾಯಕರು, ಹೈದರ್, ಟಿಪ್ಪು, ನಿಜಾಮ ಎಲ್ಲರೂ ಇಲ್ಲಿ ಕಂದಾಯ ಎತ್ತಿದವರು. ಟಿಪ್ಪುವಿನ ಮೇಲಿನ ಯುದ್ಧಗಳ ಬಳಿಕ 1792 ಮತ್ತು 1799ರ ಒಪ್ಪಂದಗಳಲ್ಲಿ ನಿಜಾಮನಿಗೆ ಬಂದ ನೆಲವನ್ನು ಅವನು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಇಲ್ಲಿನ ಪ್ರಧಾನ ಕಲೆಕ್ಟರ್ ಆಗಿ ಬಂದ. ಸರ್ಕಾರ ಬದಲಾದ ದಿನವೇ ಸಂತೆಯ ಕಾಸು ಬದಲಾಗುವುದಿಲ್ಲ. ಕೊಟ್ಟೂರಿನ ತೇರಿಗೆ, ಹಡಗಲಿ ಸೀಮೆಯ ಮೈಲಾರದ ಕಾರಣಿಕಕ್ಕೆ ದೂರದೂರದ ಮಂದಿ ಬರುತ್ತಿದ್ದರು. ಅವರ ಗಂಟಿನ ಕಾಸೂ ಇಲ್ಲಿಯ ಮನೆ ಸೇರುತ್ತಿತ್ತು.

ಕಂಪನಿ ಆಡಳಿತದ ಗುರುತಾಗಿ ಸಿಗುವುದು 1808ರ ಇಪ್ಪತ್ತು ಕಾಸು. ಒಂದು ಬದಿಗೆ ಎರಡು ಸಿಂಹ ಹಿಡಿದ ಕಂಪನಿಯ ಲಾಂಛನ, ಇನ್ನೊಂದು ಬದಿಗೆ ಪಾರ್ಸಿ ಬರಹ. ನುಣುಪಾದ ಸರಿಯಾದ ದುಂಡು ನೋಡಿದರೆ ಅದು ಸುತ್ತಿಗೆಯ ಕೆಲಸವಲ್ಲವೆಂದು ತಿಳಿಯುತ್ತದೆ. ಮದ್ರಾಸ್ ಪ್ರಾಂತ್ಯಕ್ಕಾಗಿ ಇವನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಯಲ್ಲಿ ಉಗಿಯಂತ್ರದಿಂದ ಅಚ್ಚೊತ್ತಿದರು. ಇವನ್ನು ಹೊತ್ತ ‘ಅಡ್ಮಿರಲ್ ಗಾರ್ಡ್‌ನರ್’ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್ವಿನ್ ಮರಳದಿಬ್ಬದಲ್ಲೇ ಮುಳುಗಿತು. ಮುಳುಗದೆ ಬಂದವು ಬಳ್ಳಾರಿ ಸೀಮೆಯ ರೈತರ ಸೊಂಟದ ಚೀಲದವರೆಗೂ ನಡೆದವು. ಆಗ 80 ಕಾಸಿಗೆ ಒಂದು ಹಣ, 42 ಹಣಕ್ಕೆ ಒಂದು ಚಿನ್ನದ ಸ್ಟಾರ್ ಪಗೋಡ. ಅಂದರೆ ಒಂದು ಪಗೋಡ ಕಂದಾಯಕ್ಕೆ ಇಂಥ 168 ಬಿಲ್ಲೆ ಎಣಿಸಬೇಕಿತ್ತು.

ಚಿನ್ನ ಸಿಗುವುದೇ ಇಲ್ಲವೆಂದಲ್ಲ. ಸುಮಾರು 3.4 ಗ್ರಾಂ ತೂಗುವ ವಿಜಯನಗರದ ವರಾಹವನ್ನು ಗುರುತಿಸುವುದು ತಾಮ್ರಕ್ಕಿಂತ ಸುಲಭ. ಗಂಡಭೇರುಂಡ ಆನೆಗಳನ್ನು ಕಚ್ಚಿ ಹಿಡಿದಿದ್ದರೆ ಅಚ್ಯುತರಾಯನನ್ನು ನೆನೆಯಬೇಕು. ಬೆನ್ನಿನ ನಾಗರಿ ಸಾಲುಗಳಲ್ಲಿ ಅವನ ಹೆಸರಿರುತ್ತದೆ.

ನೋವಾಗುವುದು ಖೋಟಾ ಬಿಲ್ಲೆಗಳ ಕಥೆಗೆ. ಹನುಮಂತನ ಚಿತ್ರ, ‘ಈಸ್ಟ್ ಇಂಡಿಯಾ ಕಂಪನಿ’, 1818 ಎಂದಿರುವ ತಾಮ್ರದ ಬಿಲ್ಲೆ ತೋರಿಸಿ, ಇದು ಅಕ್ಕಿಕಾಳು ಸೆಳೆಯುತ್ತದೆ, ಕೋಟಿ ಬಾಳುತ್ತದೆ ಎಂದು ನಂಬಿಸಿ ಬಡವರ ದುಡ್ಡು ದೋಚುವವರಿದ್ದಾರೆ. ಅದು ಕಂಪನಿ ಚಲಾವಣೆಗೆ ತಂದ ನಾಣ್ಯವೇ ಅಲ್ಲ. ನಿಜವಾದ ನಿಧಿ ನೆಲದಲ್ಲಿ ಸಿಕ್ಕರೆ 1962ರ ರಾಜ್ಯ ನಿಧಿ ಕಾಯ್ದೆಯಿದೆ, ಸುದ್ದಿ ಜಿಲ್ಲಾಧಿಕಾರಿಗೆ ಮುಟ್ಟಬೇಕು.

ದೊರೆತ ಜಾಗವೂ ನಾಣ್ಯದಷ್ಟೇ ಮುಖ್ಯ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ 1929ರ ಸುಮಾರಿಗೆ, ಮಾರ್ಟಿಮರ್ ವೀಲರ್ 1947ರಲ್ಲಿ ಅಗೆದಾಗ ಶಾತವಾಹನರ ಕಾಲದ ನಾಣ್ಯಗಳೂ ರೋಮನ್ ಬೆಳ್ಳಿಯೂ ಸಿಕ್ಕವು. ಯಾವ ಪದರದಲ್ಲಿ ಏನಿತ್ತೆಂಬ ದಾಖಲೆಯಿಂದಲೇ ಅಲ್ಲಿನ ಮಡಕೆ ಚೂರುಗಳಿಗೂ ಕಾಲ ಹೇಳಲು ಸಾಧ್ಯವಾಯಿತು. ಮನೆಗೂ ಇದೇ ಲೆಕ್ಕ. ಹೊಸ್ತಿಲು ಕೂರಿಸುವಾಗ ಅಡಿಯಲ್ಲಿ ಕಾಸು ಹಾಕುವ ಪದ್ಧತಿ ನಮ್ಮಲ್ಲುಂಟು. ಕದಲದ ಹೊಸ್ತಿಲ ಕೆಳಗೆ 1808ರ ಕಾಸು ಸಿಕ್ಕರೆ ಆ ಬಾಗಿಲು ಅದಕ್ಕೂ ಮುಂಚಿನದಲ್ಲ. ಅದೇ ಕಾಸು ನೆಲದ ಬಿರುಕಿನಲ್ಲಿ ಸಿಕ್ಕರೆ ಮನೆ ಎಷ್ಟಾದರೂ ಹಳೆಯದಿರಬಹುದು.